ರೋಮನ್ ಸೈನಿಕನ ಹೆಲ್ಮೆಟ್ ಮೇಲಿದ್ದ ಹೆಸರನ್ನ ನಾನೇ ಹೊಡೆದು ನೋಡ್ದೆ

ಪಾತ್ರೆ ಅಂಗಡೀಲಿ ಹೆಸರು ಹಾಕೋದು ನನ್ನ ಕೆಲ್ಸ. ಈಗ ಮೆಷಿನ್ ಬಂದಿದೆ, ಆದ್ರೂ ಹಿತ್ತಾಳೆ ಚೊಂಬು ತಟ್ಟೆಗೆ ಉಳಿ ಸುತ್ತಿಗೇಲೇ ಚುಕ್ಕಿ ಹೊಡೀತೀನಿ. ಬ್ರಿಟಿಷ್ ಮ್ಯೂಸಿಯಂನಲ್ಲಿರೋ ಒಂದು ರೋಮನ್ ಹೆಲ್ಮೆಟ್ ಫೋಟೋ ನೋಡ್ದೆ, ಲಂಡನ್‌ನಲ್ಲಿ ಸಿಕ್ಕಿದ್ದು, ಕ್ರಿ.ಶ. 1ನೇ ಶತಮಾನದ್ದು, ಅದ್ರ ಮೇಲಿನ ಹೆಸರುಗಳೂ ನಮ್ ಥರಾನೇ ಚುಕ್ಕಿ ಕೆಲ್ಸ!

ಹಿತ್ತಾಳೆ ಶೀಟ್ ಕತ್ತರಿಸಿ, ಮರದ ದಿಮ್ಮಿ ಮೇಲಿಟ್ಟು, ಅದ್ರಲ್ಲಿರೋ ಒಬ್ಬ ಸೈನಿಕನ ಹೆಸರು ಸೌಫೇಯುಸ್ ಅಂತ ಹೊಡೆಯೋಕೆ ಕೂತೆ. ಕನ್ನಡದಲ್ಲಿ ಹೊಡೆಯೋದಾದ್ರೆ ಪ್ರತಿ ಅಕ್ಷರಕ್ಕೂ ಶೀಟ್ ತಿರುಗಿಸ್ತಾ ಇರ್ಬೇಕು, ಎಲ್ಲಾ ದುಂಡು, ಲ್ಯಾಟಿನ್‌ನಲ್ಲಿ ಎಸ್ ಒಂದು ದಾಟಿದ್ರೆ ಉಳಿದಿದ್ದು ಹೆಚ್ಚುಕಮ್ಮಿ ನೇರ ಗೆರೆ, ಪಟಪಟ ಅಂತ ಆಗೋಯ್ತು. ಆ ಕಾಲದ ಕೈಬರಹದಲ್ಲಿ ಲ್ಯಾಟಿನ್ ಇ (E) ಅನ್ನೋದನ್ನ ಬರೀ ಎರಡು ಉದ್ದ ಗೆರೆ ಎಳೆದು ಮುಗಿಸ್ತಿದ್ದೂ ಉಂಟು, ಅದು ಇನ್ನೂ ಸುಲಭ. ಚುಕ್ಕಿ ತೀರಾ ಒತ್ತೊತ್ತಾಗಿ ಬೀಳಬಾರ್ದು ಅಷ್ಟೇ, ತಗಡು ಸೀಳತ್ತೆ.

ಹೆಸರು ಹಾಕಿರೋದು ಎಲ್ಲಿ ಗೊತ್ತಾ, ಕತ್ತಿನ ಹಿಂದೆ ಚಾಚ್ಕೊಂಡಿರೋ ಪಟ್ಟಿ ಮೇಲೆ. ಹೊಡೆಯೋನಿಗೆ ಸರಿಯಾದ ಜಾಗ ಅದೇ, ತಲೆ ಭಾಗ ಗುಂಡಗಿರತ್ತೆ, ಉಳಿ ಜಾರತ್ತೆ, ಒಳಗೆ ಆಧಾರ ಕೊಡೋದೂ ಕಷ್ಟ. ಪಟ್ಟಿಯಾದ್ರೆ ಯಾವ ಕಟ್ಟಿಗೆ ಮೇಲೆ ಬೇಕಾದ್ರೂ ಇಟ್ಟು ಹೊಡೀಬಹುದು, ಕಸುಬುದಾರನೇ ಬೇಕು ಅಂತಿಲ್ಲ, ಸೈನಿಕನೇ ಹೊಡ್ಕೊಂಡಿದ್ರೂ ನಂಗೆ ಆಶ್ಚರ್ಯ ಇಲ್ಲ.

ಇಷ್ಟೆಲ್ಲಾ ಯಾಕೆ ಅಂದ್ರೆ ಸಾಮಾನಿನ ದುಡ್ಡು ಅವ್ರ ಸಂಬಳದಲ್ಲೇ ಮುರ್ಕೊಳ್ತಿದ್ರು. ಕ್ರಿ.ಶ. 14ರಲ್ಲಿ ಪನ್ನೋನಿಯಾ ಅನ್ನೋ ರೋಮನ್ ಪ್ರಾಂತ್ಯದಲ್ಲಿ ಸೈನಿಕರು ದಂಗೆ ಎದ್ದಾಗ, ದಿನಕ್ಕೆ 10 ಆಸ್ (ರೋಮನ್ನರ ಚಿಲ್ಲರೆ ನಾಣ್ಯ) ಕೂಲಿ, ಅದ್ರಲ್ಲೇ ಬಟ್ಟೆ ಆಯುಧ ಟೆಂಟ್ ಎಲ್ಲಾ ಅಂತ ಗೊಣಗಿದ್ದನ್ನ ರೋಮನ್ ಇತಿಹಾಸಕಾರ ಟ್ಯಾಸಿಟಸ್ ಬರ್ದಿದಾನೆ. ಸುಮಾರು 80 ಜನರ ಗುಂಪಲ್ಲಿ ಎಲ್ರದ್ದೂ ಒಂದೇ ಥರದ ಹೆಲ್ಮೆಟ್ ಇದ್ರೆ ಜಗಳ ಗ್ಯಾರಂಟಿ, ಅದಕ್ಕೇ ಹೆಸರಿನ ಜೊತೆ ತಮ್ಮ ಸೆಂಚುರಿಯನ್, ಅಂದ್ರೆ ಆ ಗುಂಪಿನ ಅಧಿಕಾರಿ, ಹೆಸರನ್ನೂ ಹಾಕೋರು, ತಿರುಗಿಸಿಟ್ಟ ಸಿ ಥರದ ಒಂದು ಗುರುತು ಮುಂದಿಟ್ಟು.

ಈ ಒಂದೇ ಹೆಲ್ಮೆಟ್ ಮೇಲೆ ನಾಲ್ಕು ಜನರ ಹೆಸರಿದೆ. ಒಬ್ಬನಿಂದ ಇನ್ನೊಬ್ಬನಿಗೆ ಹೋದಾಗ ಹಳೇದನ್ನ ಅಳಿಸ್ದೆ ಹೊಸದನ್ನ ಸೇರಿಸಿದಾರೆ. ನಮ್ ಅಂಗಡೀಗೂ ಅಜ್ಜಿ ಕಾಲದ ಬಿಂದಿಗೆ ತಂದು ಹೆಸರು ತೆಗೆದ್ಕೊಡಿ ಅಂತಾರೆ, ಚುಕ್ಕಿ ಒಳಗಿಳಿದಿರತ್ತೆ ಸ್ವಾಮಿ, ಉಜ್ಜಿದ್ರೆ ತಗಡು ತೆಳ್ಳಗಾಗತ್ತೆ ಅಂದ್ರೆ ಕೇಳಲ್ಲ. ಕೆಳಗೆ ಇನ್ನೊಂದು ಹೆಸರು ಹಾಕಿಸ್ಕೊಳ್ಳಿ ಅಂತೀನಿ.