ಬಂಡೆಯ ಮೇಲೆ ಓತಿ, ಬದುವಿನ ಮೇಲೆ ಹಾವು

ಹಾವು, ಹಲ್ಲಿಗಳ ಫೋಟೊ ತೆಗೆಯಲು ಆಗುಂಬೆಗೇ ಹೋಗಬೇಕು ಎನ್ನುವವರು ನಮ್ಮ ಗಂಗಾವತಿ ಸುತ್ತಲಿನ ಗುಡ್ಡಗಳನ್ನು ಸರಿಯಾಗಿ ನೋಡಿಲ್ಲ. ಆನೆಗೊಂದಿ, ಹಿರೇಬೆಣಕಲ್ ಕಡೆ ಒಂದರ ಮೇಲೊಂದು ಕುಳಿತ ಗ್ರಾನೈಟ್ ಬಂಡೆಗಳು; ಕೆಳಗೆ ತುಂಗಭದ್ರೆಯ ಕಾಲುವೆ ನೀರುಂಡ ಭತ್ತದ ಗದ್ದೆಗಳು. ಬಿಸಿಲು ಬೇಕಾದವಕ್ಕೆ ಬಂಡೆ ಇದೆ, ಕಪ್ಪೆ–ಇಲಿ ಬೇಕಾದವಕ್ಕೆ ಗದ್ದೆ ಇದೆ. ಮನೆಯಿಂದ ಬೈಕಿನಲ್ಲಿ ಕಾಲು ಗಂಟೆಯೊಳಗೆ ಮುಟ್ಟುವ ಜಾಗಗಳಷ್ಟೇ ನನ್ನ ಕ್ಷೇತ್ರ. ಒಂದೇ ಬಂಡೆಗೆ ಮತ್ತೆ ಮತ್ತೆ ಹೋದರೆ ಅಲ್ಲಿನ ಓತಿಯ ದಿನಚರಿ ಬಾಯಿಪಾಠವಾಗುತ್ತದೆ. ಕ್ಯಾಮೆರಾ ಅದರ ನಂತರದ ಮಾತು.

ಹೊಸಬರು ಬಂಡೆ ಓತಿಯಿಂದ ಶುರುಮಾಡುವುದು ಒಳ್ಳೆಯದು. ಅದು ಹಗಲಿನ ಪ್ರಾಣಿ, ಬಯಲಿನಲ್ಲೇ ಕೂರುತ್ತದೆ, ವಿಷವಿಲ್ಲ. ಹೆಣ್ಣು ಕಲ್ಲಿನದೇ ಬಣ್ಣ. ಕದಲದಿದ್ದರೆ ಕಣ್ಣಿಗೆ ಬೀಳುವುದಿಲ್ಲ. ಸಂತಾನದ ಕಾಲದ ಗಂಡು ಮಾತ್ರ ಬೆನ್ನಿಗೆ ಕೆಂಪು, ಪಕ್ಕೆಗೆ ಕಪ್ಪು ಬಳಿದುಕೊಂಡು ಎತ್ತರದ ಕಲ್ಲಿನ ತುದಿಯಲ್ಲಿ ಜಾತ್ರೆಗೆ ಹೊರಟವನಂತೆ ಕುಳಿತಿರುತ್ತದೆ. ಇನ್ನೊಂದು ಗಂಡು ಎದುರಾದರೆ ಮುಂಗಾಲು ಮಡಿಸಿ ಚಾಚಿ ದಂಡ ಹೊಡೆಯುತ್ತದೆ. ನೋಡುತ್ತಿದ್ದಂತೆಯೇ ಬೆನ್ನಿನ ಕೆಂಪು ಹಳದಿಗೆ ತಿರುಗುತ್ತದೆ. ಗಾಬರಿಯಾದರೆ ಬಣ್ಣವೆಲ್ಲ ಇಳಿದು ಮಂಕು ಕಂದಾಗುತ್ತದೆ. ಆದ್ದರಿಂದ ಓತಿಯ ಬಣ್ಣವೇ ನನಗೆ ಅಳತೆಗೋಲು: ಕೆಂಪು ಮಾಸಲು ಶುರುವಾಯಿತೆಂದರೆ ನಾನು ಮಿತಿ ಮೀರಿ ಹತ್ತಿರ ಬಂದಿದ್ದೇನೆ ಎಂದರ್ಥ.

ಹತ್ತಿರ ಹೋಗುವುದಕ್ಕೂ ಒಂದು ರೀತಿ ಇದೆ. ನೇರವಾಗಿ ಅದರತ್ತ ನಡೆಯಬಾರದು. ಬೇರೆಲ್ಲಿಗೋ ಹೋಗುವವರಂತೆ ಓರೆಯಾಗಿ ನಾಲ್ಕು ಹೆಜ್ಜೆ ಇಟ್ಟು ಕುಳಿತುಬಿಡಬೇಕು. ಅದು ತಲೆ ತಿರುಗಿಸಿ ನೋಡುತ್ತದೆ, ಆಮೇಲೆ ಸಾಲಿನಲ್ಲಿ ಹೊರಟ ಇರುವೆಗಳ ಕಡೆ ಗಮನ ಕೊಡುತ್ತದೆ. ಇರುವೆ ತಿನ್ನತೊಡಗಿತೆಂದರೆ ಇನ್ನೊಂದಿಷ್ಟು ಜರುಗಬಹುದು. ಬೆನ್ನಿಗೆ ಸೂರ್ಯ ಇರುವಂತೆ ನಿಲ್ಲಬೇಕು, ಆದರೆ ನಮ್ಮ ನೆರಳು ಅದರ ಮೇಲೆ ಬೀಳಬಾರದು. ಬಿದ್ದರೆ ಹದ್ದು ಬಂದಂತೆ ಬಿರುಕಿಗೆ ಓಡುತ್ತದೆ. ಬೇಸಿಗೆಯಲ್ಲಿ ಒಂಬತ್ತು ಗಂಟೆಯೊಳಗೆ ಕೆಲಸ ಮುಗಿಯಬೇಕು. ಆಮೇಲೆ ಬಂಡೆ ಸುಡುತ್ತದೆ. ಓತಿಯೂ ನೆರಳಿಗೆ ಹೋಗುತ್ತದೆ, ಮೊಣಕೈ ಊರಿ ಮಲಗಿದ ನಮಗೂ ಸಾಕಾಗುತ್ತದೆ.

ಮಲಗುವುದು ಮಾತ್ರ ಕಡ್ಡಾಯ. ನಿಂತು ಮೇಲಿನಿಂದ ತೆಗೆದ ಓತಿಯ ಫೋಟೊ ಗುರುತಿಗೆ ಆದೀತು, ನೋಡುವುದಕ್ಕಲ್ಲ. ಲೆನ್ಸ್ ಅದರ ಕಣ್ಣಿನ ಮಟ್ಟಕ್ಕೆ ಇಳಿದರೆ ಹಿಂದಿನ ಬಂಡೆಗಳು ಮಸುಕಾಗಿ ಪ್ರಾಣಿ ಎದ್ದು ನಿಲ್ಲುತ್ತದೆ. ನನ್ನದು 70–300 ಮಿ.ಮೀ. ಲೆನ್ಸ್. ಅಪರ್ಚರ್, ಅಂದರೆ ಲೆನ್ಸಿನ ಬೆಳಕಿನ ಕಿಂಡಿ, ಎಫ್ 8ರ ಆಸುಪಾಸು, ಶಟರ್ ಸೆಕೆಂಡಿನ 1/500ಕ್ಕಿಂತ ನಿಧಾನವಿಲ್ಲ, ಫೋಕಸ್ ಕಣ್ಣಿನ ಮೇಲೆ. ಬಿಸಿಲಿನಲ್ಲಿ ಆ ಕೆಂಪು ಬೇಗ ಉರಿದುಹೋಗಿ ಹುರುಪೆಗಳ ವಿವರವೇ ಕಾಣದಂತಾಗುತ್ತದೆ. ಅದಕ್ಕೇ ಎಕ್ಸ್‌ಪೋಷರನ್ನು, ಅಂದರೆ ಚಿತ್ರಕ್ಕೆ ಬೀಳುವ ಬೆಳಕನ್ನು, ಅರ್ಧದಿಂದ ಮುಕ್ಕಾಲು ಸ್ಟಾಪ್ ಇಳಿಸಿಕೊಳ್ಳುತ್ತೇನೆ. ಪಕ್ಕೆಯ ಕಪ್ಪನ್ನು ಆಮೇಲೆ ಕಂಪ್ಯೂಟರಿನಲ್ಲಿ ತಿಳಿಗೊಳಿಸಬಹುದು, ಉರಿದ ಕೆಂಪು ಮರಳಿ ಬರುವುದಿಲ್ಲ.

ಹಾವುಗಳ ಲೆಕ್ಕವೇ ಬೇರೆ. ಹುಡುಕಿ ಹೋದರೆ ಸಿಗುವುದು ಕಡಿಮೆ. ಸುಳಿವು ಕೊಡುವವರನ್ನು ಕೇಳಬೇಕು. ಹರಟೆಮಲ್ಲ ಹಕ್ಕಿಗಳು ಒಂದೇ ಪೊದೆಯ ಸುತ್ತ ಗುಂಪಾಗಿ ಕಿರುಚುತ್ತಿದ್ದರೆ ಅಲ್ಲಿ ಹಾವೋ ಮುಂಗುಸಿಯೋ ಇರುವ ಸಂಭವವಿದೆ. ಕುರಿಗಾಹಿಗಳಿಗೆ ಇನ್ನೂ ಹೆಚ್ಚು ಗೊತ್ತು. ಗುಡ್ಡದ ಬುಡದಲ್ಲಿ ಸಿಗುವ ಒಬ್ಬ ಅಜ್ಜ ನನ್ನ ಬೂಟು ನೋಡಿ, “ತಮ್ಮಾ, ಪೊರೆ ಬಿದ್ದ ಕಲ್ಲಿನ ಸಂದಿಗೆ ಕೈ ಹಾಕಬೇಡ, ಎದುರಿಗೆ ಕುಳಿತಿರು, ಚಳಿಗಾಲದ ಬಿಸಿಲಿಗೆ ಅದೇ ಹೊರಗೆ ಬರುತ್ತದೆ” ಎಂದಿದ್ದರು. ಬಂದದ್ದು ಕೇರೆ ಹಾವು. ಮೊದಲು ತಲೆ, ಎಷ್ಟೋ ಹೊತ್ತಿನ ಮೇಲೆ ಒಂದು ಮೊಳ ಮೈ. ನಾಲಿಗೆ ಮಾತ್ರ ಬಿಡುವಿಲ್ಲದೆ ಗಾಳಿಯನ್ನು ಸವರುತ್ತಿತ್ತು. ದವಡೆಯ ಅಂಚಿನ ಕಪ್ಪು ಗೆರೆಗಳು ದೂರದ ಲೆನ್ಸಿನಲ್ಲೂ ಎಣಿಸುವಷ್ಟು ಸ್ಪಷ್ಟವಾಗಿದ್ದವು.

ಎರಡು ಕೇರೆಗಳು ಹೆಣೆದುಕೊಂಡು ಮೇಲೇಳುವುದನ್ನು ಕಂಡರೆ ನಮ್ಮ ಕಡೆ ಮಿಲನವೆಂದು ಕೈಮುಗಿಯುವವರಿದ್ದಾರೆ. ಹಾಗೆ ಎದ್ದು ಒಂದನ್ನೊಂದು ಅದುಮುವುದು ಎರಡು ಗಂಡುಗಳ ಕುಸ್ತಿ. ಅವು ತಮ್ಮ ಜಗಳದಲ್ಲಿ ಮೈಮರೆತಿರುವುದರಿಂದ ಫೋಟೊಗೆ ಅದಕ್ಕಿಂತ ಒಳ್ಳೆಯ ಅವಕಾಶವಿಲ್ಲ.

ಕಲ್ಲು ಮಗುಚಿ ಹುಡುಕುವ ಅಭ್ಯಾಸ ಕೆಲವರಿಗಿದೆ. ನಾನು ಮುಟ್ಟುವುದಿಲ್ಲ. ಅಡಿ ಉದ್ದವಿದ್ದರೂ ಸಾಕಷ್ಟು ಅಪಾಯಕಾರಿಯಾದ ಗರಗಸ ಮಂಡಲ ಮಲಗುವುದು ಇಂಥ ಕಲ್ಲಿನಡಿಯಲ್ಲೇ. ಕೆಣಕಿದರೆ ಸುತ್ತಿಕೊಂಡು ಪಕ್ಕೆಯ ಹುರುಪೆಗಳನ್ನು ಒಂದಕ್ಕೊಂದು ಉಜ್ಜಿ ಸರ‍್ರೆನ್ನುತ್ತದೆ. ಆ ಸದ್ದು ಕೇಳಿದ ಮೇಲೂ ಫೋಕಸ್ ಸರಿಮಾಡುತ್ತ ನಿಲ್ಲುವುದು ಶೌರ್ಯವಲ್ಲ. ಗರಗಸ ಮಂಡಲ, ನಾಗರಹಾವು, ಕೊಳಕುಮಂಡಲ, ಕಟ್ಟುಹಾವು—ನಮ್ಮ ದೇಶದ ಬಹುವಿಷ ಪ್ರತಿವಿಷ, ಅಂದರೆ ಹಾವು ಕಡಿತದ ಮದ್ದು, ತಯಾರಾಗುವುದು ಈ ನಾಲ್ಕರ ವಿಷಕ್ಕೆ. ಆ ಮದ್ದು ಸಿಗುವುದು ಆಸ್ಪತ್ರೆಯಲ್ಲಿ. ಹಾಗಾಗಿ ಒಬ್ಬನೇ ಹೋಗುವುದಿಲ್ಲ, ಮೊಬೈಲ್ ಸಿಗ್ನಲ್ ಇಲ್ಲದ ಕಣಿವೆಗೆ ಇಳಿಯುವುದಿಲ್ಲ. ಹಾವು ಹಿಡಿಯುವವರನ್ನು ಕರೆಸಿ, ಹೆಡೆ ಎತ್ತಿಸಿ ತೆಗೆಸಿಕೊಳ್ಳುವ ಚಿತ್ರಗಳ ಬಗ್ಗೆ ನನಗೆ ಗೌರವವಿಲ್ಲ. 1972ರ ವನ್ಯಜೀವಿ ಕಾಯ್ದೆಯೂ ಅದನ್ನು ಒಪ್ಪುವುದಿಲ್ಲ.

ಉಡ ಕಂಡರೆ ಫೋಟೊ ತೆಗೆಯುತ್ತೇನೆ, ಜಾಗ ಯಾರಿಗೂ ಹೇಳುವುದಿಲ್ಲ. ಮಾಂಸಕ್ಕಾಗಿ ಹುಡುಕುವವರು ಈಗಲೂ ಇದ್ದಾರೆ. ಮೊಬೈಲಿನಲ್ಲಿ ತೆಗೆದ ಚಿತ್ರವಾದರೆ ಹಂಚುವ ಮುನ್ನ ಅದರೊಳಗಿನ ಸ್ಥಳದ ಮಾಹಿತಿ ಅಳಿಸುತ್ತೇನೆ.

ನಾಟಿಯಾದ ಮೇಲೆ ಗುಡ್ಡ ಬಿಟ್ಟು ಗದ್ದೆಯ ಬದುವಿಗೆ ಇಳಿಯುತ್ತೇನೆ. ಆಗ ಕಪ್ಪೆಗಳ ಹಿಂದೆ ನೀರುಹಾವುಗಳು ಬರುತ್ತವೆ. ವಿಷವಿಲ್ಲದಿದ್ದರೂ ಮುಂಗೋಪಿ, ಹತ್ತಿರ ಹೋದರೆ ಕಚ್ಚುತ್ತವೆ. ಎದುರಿನ ಬದುವಿನಲ್ಲಿ ಕುಳಿತು, ನಡುವೆ ಒಂದು ಮಡಿ ನೀರು ಬಿಟ್ಟುಕೊಂಡರೆ ಇಬ್ಬರಿಗೂ ಅನುಕೂಲ.