ಕಾಟೇಜ್ ಪ್ರೇಯರ್‌ನಲ್ಲಿ ಯೇಸುವಿನ ಶ್ರಮೆಯನ್ನು ಹೇಳುವುದು ಹೇಗೆ

ಈಸ್ಟರ್‌ಗೆ ಮುಂಚಿನ ಉಪವಾಸಕಾಲವಾದ ಲೆಂಟ್ ಬೂದಿ ಬುಧವಾರ ಶುರುವಾಗುತ್ತದೆ. ಅದು ಕಳೆಯುತ್ತಿದ್ದಂತೆ ತುಮಕೂರಿನ ನಮ್ಮ ಸಭೆಯಲ್ಲಿ ವಾರಕ್ಕೊಂದು ಮನೆಯಂತೆ ಕಾಟೇಜ್ ಪ್ರೇಯರ್, ಅಂದರೆ ಮನೆಯಲ್ಲಿ ಸೇರುವ ಪ್ರಾರ್ಥನಾಕೂಟ, ಶುರುವಾಗುತ್ತದೆ. ಸಭಾಪಾಲಕರು ಒಬ್ಬರೇ, ಎಲ್ಲ ಏರಿಯಾಕ್ಕೂ ಬರಲು ಅವರಿಗೆ ಆಗುವುದಿಲ್ಲ. ಹದಿನಾಲ್ಕು ವರ್ಷದ ಹಿಂದೆ ಒಂದು ಭಾನುವಾರ, "ಟೀಚರ್, ಈ ಸಲ ನಿಮ್ಮ ಕಡೆ ಮನೆಗಳನ್ನ ನೀವೇ ನೋಡ್ಕೊಳ್ಳಿ" ಎಂದರು. ಹೂಂ ಎಂದೆ. ಮನೆಗೆ ಬಂದು ಸತ್ಯವೇದ ತೆರೆದು ಕುಳಿತರೆ ಯೇಸುವಿನ ಶ್ರಮೆ, ಅಂದರೆ ಆತನು ಪಟ್ಟ ನೋವು ಮತ್ತು ಸಾವಿನ ಬಗ್ಗೆ, ಏನು ಹೇಳಬೇಕೋ ತೋಚಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನನಗೇ ಹಾಗಾಯಿತು. ಈ ವರ್ಷ ನಿಮಗೂ ಯಾರಾದರೂ ಹಾಗೆ ಹೇಳಿದ್ದರೆ ಇದು ಉಪಯೋಗಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ.

ಮೊದಲು ಮಾಡಬೇಕಾದದ್ದು ಇಷ್ಟು: ಒಂದು ಸಂಜೆಗೆ ಒಂದೇ ಮಾತು ಹಿಡಿಯಿರಿ. ಪಾಪ, ಕ್ಷಮೆ, ರಕ್ತ, ವಿಮೋಚನೆ, ಪುನರುತ್ಥಾನ ಎಲ್ಲವನ್ನೂ ನಲವತ್ತು ನಿಮಿಷದಲ್ಲಿ ತುರುಕಿದರೆ ಕೇಳುವವರು ಆಮೆನ್ ಎನ್ನುತ್ತಾರೆ, ಅಷ್ಟೇ. ನಮ್ಮ ಕನ್ನಡ ಸತ್ಯವೇದದಲ್ಲಿ ಒಂದೊಂದು ಮಾತೂ ಒಂದು ಸಂಜೆಗೆ ಸಾಕಾಗುವಷ್ಟು ತೂಕವಾಗಿದೆ.

ನಾನು ಶುರುಮಾಡುವುದು ಗಾಣದಿಂದ. ಯೇಸುಸ್ವಾಮಿಯನ್ನು ಹಿಡಿದ ರಾತ್ರಿ ಆತನು ಪ್ರಾರ್ಥಿಸುತ್ತಿದ್ದ ಜಾಗ ಗೆತ್ಸೇಮನೆ. ಗೆತ್ಸೇಮನೆ ಎಂದರೆ ಎಣ್ಣೆಯ ಗಾಣ. ಎಣ್ಣೇಮರಗಳ ಗುಡ್ಡದ ಬುಡದಲ್ಲಿ ಆಲಿವ್ ಕಾಯಿ ಹಿಂಡುತ್ತಿದ್ದ ಜಾಗಕ್ಕೆ ಆ ಹೆಸರು. ನಮ್ಮಪ್ಪ ತಿಪಟೂರಿನ ಹತ್ತಿರದ ಹಳ್ಳಿಯಲ್ಲಿ ಎತ್ತಿನ ಗಾಣ ಇಟ್ಟಿದ್ದರು. ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿದ ಕೊಬ್ಬರಿ, ಒಡೆದು ಗಾಣಕ್ಕೆ ಹಾಕಿದರೆ ಮೊದಮೊದಲು ಸದ್ದು ಮಾತ್ರ. ಎತ್ತು ಸುತ್ತಿ ಸುತ್ತಿ ಒತ್ತಡ ಏರಿದ ಮೇಲೆ ಗೋಡೆಗೆ ಒಂದು ಜಿನುಗು ಕಾಣುತ್ತದೆ. ಲೂಕನು ಸ್ವಾಮಿಯ ಬೆವರು ರಕ್ತದ ಹನಿಗಳಂತೆ ಬಿತ್ತು ಎಂದು ಬರೆದದ್ದನ್ನು ಓದುವಾಗೆಲ್ಲ ನನಗೆ ಆ ಜಿನುಗು ಕಣ್ಣಿಗೆ ಕಟ್ಟುತ್ತದೆ. ಆ ಸಂಜೆ ಎಣ್ಣೆ ತೆಗೆದ ಮೇಲೆ ಗಾಣದಲ್ಲಿ ಉಳಿಯುವ ಕೊಬ್ಬರಿ ಹಿಂಡಿಯ ಒಂದು ತುಂಡನ್ನು ತೆಗೆದುಕೊಂಡು ಹೋಗಿ, ಮಕ್ಕಳ ಕೈಗೆ ಕೊಡಿ, ಮೂಸಿ ನೋಡಲಿ. ಆಮೇಲೆ ಮಾರ್ಕನ ಸುವಾರ್ತೆಯ 14ನೇ ಅಧ್ಯಾಯದ 32ರಿಂದ 42ನೇ ವಚನದವರೆಗೆ ಓದಿ.

ಓದಿ ಆದ ಮೇಲೆ ಒಂದು ಮಾತನ್ನು ಬಿಡಿಸಿ ಹೇಳಿ. ಸ್ವಾಮಿ ಅಲ್ಲಿ ಪ್ರಾರ್ಥಿಸಿದ್ದು "ಈ ಪಾತ್ರೆಯನ್ನು ನನ್ನಿಂದ ತೊಲಗಿಸು" ಎಂದು. ನೋವು ಬೇಡ ಎಂದು ಆತನೇ ಕೇಳಿದನು. ಆಮೇಲೆ ತಂದೆಯ ಚಿತ್ತಕ್ಕೆ ಒಪ್ಪಿಸಿಕೊಟ್ಟನು, ನಿಜ, ಆದರೆ ಮೊದಲು ಕೇಳಿದನು. ಆಸ್ಪತ್ರೆ ಹಾಸಿಗೆಯಲ್ಲಿ "ನನಗಿದು ಬೇಡ ಸ್ವಾಮಿ" ಎಂದು ಅಳುವವರಿಗೆ ನಂಬಿಕೆ ಕಡಿಮೆ ಎಂದು ಯಾರೂ ಹೇಳಬಾರದು. ನನ್ನ ಯಜಮಾನರು ಡಯಾಲಿಸಿಸ್‌ನಲ್ಲಿದ್ದ ಎರಡು ವರ್ಷವೂ ಅದೇ ಮಾತನ್ನು ಹೇಳುತ್ತಿದ್ದರು. ಅವರಷ್ಟು ನಂಬಿಕೆಯವರನ್ನು ನಾನು ಕಂಡಿಲ್ಲ.

ಗಾಯದ ವರ್ಣನೆಗೆ ಇಳಿಯಬೇಡಿ. ಚಾವಟಿಯಲ್ಲಿ ಎಷ್ಟು ಎಳೆ, ಮೊಳೆ ಎಷ್ಟು ಉದ್ದ ಎಂದು ಹೇಳಿ ಹೆಂಗಸರನ್ನು ಅಳಿಸುವ ಭಾಷಣಗಳನ್ನು ಬೇಕಾದಷ್ಟು ಕೇಳಿದ್ದೇನೆ. ಮಾರ್ಕನು ನೋಡಿ, ಶಿಲುಬೆಗೆ ಹಾಕಿದ್ದನ್ನು ಒಂದೆರಡು ಪದದಲ್ಲಿ ಹೇಳಿ ಮುಂದಕ್ಕೆ ಹೋಗುತ್ತಾನೆ. ಶಿಲುಬೆಗೆ ಹಾಕುವ ಕಥೆ ನಾಲ್ಕು ಸುವಾರ್ತೆಯಲ್ಲೂ ಇದೆ, ಆ ಜಾಗದಲ್ಲಿ ಮೊಳೆ ಎಂಬ ಮಾತು ಒಂದರಲ್ಲೂ ಇಲ್ಲ. ಆಮೇಲೆ ಶಿಷ್ಯ ತೋಮನು ಗುರುತು ನೋಡಬೇಕು ಎಂದಾಗಲೇ ಅದು ಯೋಹಾನನ ಸುವಾರ್ತೆಯಲ್ಲಿ ಬರುವುದು. ನೋವಿನ ಅಳತೆ ಹೇಳುವುದು ಸುವಾರ್ತೆ ಬರೆದವರಿಗೆ ಮುಖ್ಯವಾಗಿರಲಿಲ್ಲ. ಯಾರು, ಯಾರಿಗಾಗಿ, ಮನಸ್ಸಾರೆಯೋ ಬಲವಂತಕ್ಕೋ, ಅದು ಮುಖ್ಯವಾಗಿತ್ತು. ಪ್ರಾಣವನ್ನು ತನ್ನಿಂದ ಯಾರೂ ಕಿತ್ತುಕೊಳ್ಳುವುದಿಲ್ಲ, ತಾನಾಗಿಯೇ ಕೊಡುತ್ತೇನೆ ಎಂದು ಯೋಹಾನ 10ರಲ್ಲಿ ಆತನ ಮಾತಿದೆ. ಅದಕ್ಕೆ ಬೆರಳಿಟ್ಟು ತೋರಿಸಿ.

ಎರಡನೆಯ ಸಂಜೆಗೆ ಮಾರ್ಕ 10:45ರಲ್ಲಿರುವ ಈಡು. ಅನೇಕರನ್ನು ಬಿಡಿಸಿಕೊಳ್ಳಲು ಪ್ರಾಣವನ್ನೇ ಈಡು ಕೊಡಲು ಬಂದೆನು ಎಂದು ಸ್ವಾಮಿ ಹೇಳುತ್ತಾನೆ. ಗ್ರೀಕಿನಲ್ಲಿ ಅಲ್ಲಿರುವುದು ಲುತ್ರೋನ್, ದಾಸರನ್ನೂ ಸೆರೆಯವರನ್ನೂ ಬಿಡಿಸಲು ಕೊಡುವ ಬೆಲೆ. ಇದನ್ನು ನಾನು ಮೊದಲು ಬ್ಯಾಂಕಿನ ಒಡವೆ ಸಾಲದ ಉದಾಹರಣೆ ಕೊಟ್ಟು ವಿವರಿಸುತ್ತಿದ್ದೆ. ಒಂದು ವರ್ಷ ಮೂಲೆಯಲ್ಲಿ ಕುಳಿತಿದ್ದ ವಯಸ್ಸಾದವರೊಬ್ಬರು ನನ್ನ ಮಾತು ನಿಲ್ಲಿಸಿ, "ಟೀಚರಮ್ಮ, ಒಡವೆ ಯಾಕೆ, ನಮ್ಮಪ್ಪನೇ ಇದ್ನಲ್ಲ" ಎಂದರು. ಅವರಪ್ಪ ಮದುವೆ ಸಾಲಕ್ಕೆ ಜೀತಕ್ಕಿದ್ದನಂತೆ. ಕಾಯಿಲೆ ಬಿದ್ದು ಏಳಲಾರದೆ ಹೋದಾಗ ಚಿಕ್ಕಪ್ಪ ಹೋಗಿ, "ಅಣ್ಣನ್ನ ಬಿಡಿ, ನಾನು ನಿಲ್ತೀನಿ" ಎಂದು ಆ ಮನೆಯ ಕೊಟ್ಟಿಗೆಯಲ್ಲಿ ನಿಂತನಂತೆ. ಜೀತ ರದ್ದು ಮಾಡಿದ ಕಾಯ್ದೆ 1976ರದ್ದು. ಅದರ ಸುದ್ದಿ ಅವರ ಹಟ್ಟಿಗೆ ತಲುಪುವಷ್ಟರಲ್ಲಿ ಚಿಕ್ಕಪ್ಪನ ಯೌವನವೇ ಮುಗಿದಿತ್ತು. "ಅಪ್ಪ ಮನೇಲಿ ಉಣ್ಣೋವಾಗೆಲ್ಲ ಅವನ್ನ ನೆನೆಸ್ಕೊಂಡು ಕಣ್ಣಲ್ಲಿ ನೀರು ಹಾಕ್ತಿದ್ದ" ಎಂದರು. ಆ ಸಂಜೆ ನಾನು ಬೇರೇನೂ ಹೇಳಲಿಲ್ಲ. ನಿಮ್ಮ ಸಭೆಯಲ್ಲೂ ಅಂಥ ಹಿರಿಯರು ಇರುತ್ತಾರೆ. ಮುಂಚೆಯೇ ಮನೆಗೆ ಹೋಗಿ ಕೇಳಿ, ಹೇಳಲು ಅವರಿಗೆ ಮನಸ್ಸಿದ್ದರೆ ಮಾತ್ರ ಹೇಳಿಸಿ.

ಬೆಲೆ ಕೊಟ್ಟದ್ದು ಯಾರಿಗೆ ಎಂದು ಯುವಕರು ಕೇಳಿಯೇ ಕೇಳುತ್ತಾರೆ. ಸೈತಾನನಿಗೆ ಎಂದು ಹಿಂದಿನ ಕೆಲವು ಸಭಾಪಿತೃಗಳು, ಅಂದರೆ ಸಭೆಯ ಮೊದಲ ಶತಮಾನಗಳ ಬೋಧಕರು, ಬರೆದರು, 4ನೇ ಶತಮಾನದ ನಾಜಿಯಾಂಜಸಿನ ಗ್ರೆಗೊರಿ ಅದನ್ನು ಒಪ್ಪಲೇ ಇಲ್ಲ. 381ರ ವಿಶ್ವಾಸಪ್ರಮಾಣವೂ ನಮಗೋಸ್ಕರ ಶಿಲುಬೆಗೆ ಹಾಕಲ್ಪಟ್ಟನು ಎನ್ನುತ್ತದೆಯೇ ಹೊರತು ಲೆಕ್ಕಾಚಾರಕ್ಕೆ ಇಳಿಯುವುದಿಲ್ಲ. ಆ ಚಿಕ್ಕಪ್ಪನ ಕಥೆಯಲ್ಲೂ ಧಣಿ ಮುಖ್ಯನಲ್ಲ, ಹೋಗಿ ನಿಂತವನು ಮುಖ್ಯ ಎಂದಷ್ಟೇ ಹೇಳಿ.

ಬಲಿಯ ಮಾತು ನಮ್ಮ ಕಡೆ ಸೂಕ್ಷ್ಮ. ಬೀದಿಯಲ್ಲಿ ಮಾರಮ್ಮನ ಜಾತ್ರೆ ನಡೆಯುತ್ತದೆ, ನೆರೆಯವರು ಪ್ರೀತಿಯಿಂದ ನಮ್ಮ ಪ್ರೇಯರ್‌ಗೂ ಬಂದು ಕೂರುತ್ತಾರೆ. ಪಕ್ಕದ ಮನೆಯ ಹುಡುಗನೊಬ್ಬ ಕೇಳಿದ: "ನಿಮ್ಮ ದೇವರಿಗೂ ಬಲಿ ಬೇಕಿತ್ತಾ ಆಂಟಿ?" ಒಳ್ಳೆಯ ಪ್ರಶ್ನೆ, ಬೈಯಬೇಡಿ, ಅವರ ಜಾತ್ರೆಯನ್ನೂ ಹಳಿಯಬೇಡಿ. ಇಲ್ಲಿ ಕೊಟ್ಟವನು ದೇವರೇ, ನಾವು ಏನನ್ನೂ ತಂದುಕೊಡಲಿಲ್ಲ ಎಂದು ನಾನು ಹೇಳಿದೆ. ಸಿಟ್ಟಾದ ತಂದೆ ಮಗನನ್ನು ಹೊಡೆದು ನಮ್ಮನ್ನು ಬಿಟ್ಟ ಎಂಬಂತೆ ಮಾತ್ರ ಎಂದೂ ಹೇಳಬೇಡಿ. ಎರಡನೆಯ ಕೊರಿಂಥ 5ರಲ್ಲಿ ಪೌಲನು ಹೇಳುವುದು, ಕ್ರಿಸ್ತನಲ್ಲಿ ದೇವರೇ ಲೋಕವನ್ನು ತನ್ನೊಂದಿಗೆ ಸಂಧಾನಮಾಡಿಕೊಂಡನು ಎಂದು. ತಂದೆ ಒಂದು ಕಡೆ, ಮಗ ಇನ್ನೊಂದು ಕಡೆ ಅಲ್ಲ. ಇಬ್ರಿಯರಿಗೆ ಬರೆದ ಪತ್ರಿಕೆಯ 10ನೇ ಅಧ್ಯಾಯ ಅದು ಒಂದೇ ಸಾರಿ ಆಗಿಹೋಯಿತು ಎನ್ನುತ್ತದೆ. ಆದ್ದರಿಂದ ಲೆಂಟ್‌ನಲ್ಲಿ ಮಾಂಸ ಬಿಡುವುದು, ಉಪವಾಸ ಇರುವುದು ಯಾವುದೂ ಬಾಕಿ ತೀರಿಸುವ ಕಂತಲ್ಲ. ಯೆಹೂದ್ಯರು ಕೊಂದರು ಎನ್ನುವ ಮಾತನ್ನೂ ಬಿಟ್ಟುಬಿಡಿ. ಸ್ವಾಮಿಯೂ ಆತನ ತಾಯಿಯೂ ಯೆಹೂದ್ಯರೇ, ಶಿಲುಬೆ ರೋಮಿನವರ ಶಿಕ್ಷೆ, ಆಜ್ಞೆ ಕೊಟ್ಟವನು ರೋಮಿನ ಅಧಿಪತಿ ಪಿಲಾತ.

ಇನ್ನು ಬಾಸುಂಡೆ. ಇದಕ್ಕೆ ಒಂದು ಸಂಜೆ ಪೂರ್ತಿ ಕೊಡಿ.

ಯೇಸುವನ್ನೇ ಕುರಿತದ್ದೆಂದು ಸಭೆ ಓದುವ ಯೆಶಾಯ 53ರಲ್ಲಿ "ಅವನ ಬಾಸುಂಡೆಗಳಿಂದ ನಮಗೆ ಗುಣವಾಯಿತು" ಎಂದಿದೆ. ಹನ್ನೊಂದು ವರ್ಷದ ಹಿಂದೆ ಒಂದು ಮನೆಯಲ್ಲಿ ಅದನ್ನು ಓದಿ, ವಿವರಿಸಿ, ಪ್ರಾರ್ಥನೆ ಮುಗಿಸಿ ಅಡುಗೆಮನೆಗೆ ಹೋದೆ. ಟೀ ಸೋಸುತ್ತಿದ್ದ ಹೆಂಗಸು ಸೆರಗು ಸರಿಸಿ ತೋಳು ತೋರಿಸಿದಳು. "ನನಗೂ ಇದೆ ಟೀಚರ್" ಎಂದಳು. ಬೆಲ್ಟಿನ ಗುರುತು. ನಾನು ಹೇಳಿದ್ದೇನು ಗೊತ್ತೇ? "ನಿನ್ನ ಶಿಲುಬೆ ಹೊತ್ಕೋಬೇಕಮ್ಮ, ಸ್ವಾಮಿ ಸಹಿಸ್ಕೊಳ್ಳಲಿಲ್ವಾ." ಅವಳು ಏನೂ ಅನ್ನಲಿಲ್ಲ, ಲೋಟಗಳಿಗೆ ಟೀ ಬಗ್ಗಿಸಿದಳು. ಮುಂದೆ ಎರಡು ವರ್ಷ ಯಾವ ಪ್ರಾರ್ಥನೆಗೂ ಬರಲಿಲ್ಲ. ಆಮೇಲೆ ನನ್ನ ಯಜಮಾನರ ಕಾಯಿಲೆಯಲ್ಲಿ, ನಿದ್ದೆಗೆಟ್ಟು ಕುಳಿತಿದ್ದ ನನ್ನ ಮುಂದೆ ಯಾರೋ ಬಂದು ಅದೇ ಮಾತನ್ನು ಹೇಳಿ ಹೋದರು. ಅದು ಹೇಗೆ ಇರಿಯುತ್ತದೆ ಎಂದು ಆ ದಿನ ತಿಳಿಯಿತು. ಅವಳ ಮನೆಗೆ ಹೋಗಿ ತಪ್ಪಾಯಿತು ಎಂದೆ.

ಈಗ ನಾನು ಹೇಳಿಕೊಡುವುದು ಹೀಗೆ. ಅವನ ಬಾಸುಂಡೆ ಎಂದು ಬರೆದಿದೆ. ನಿನ್ನ ಬಾಸುಂಡೆಯಿಂದ ಯಾರಿಗೂ ಗುಣವಾಗಬೇಕಾಗಿಲ್ಲ. ಶಿಲುಬೆ ಹೊರುವುದು ಎಂದರೆ ಆತನನ್ನು ಹಿಂಬಾಲಿಸಲು ನಾವಾಗಿಯೇ ಆರಿಸಿಕೊಳ್ಳುವ ನಷ್ಟ. ಕುಡಿದು ಬಂದವನ ಬೆಲ್ಟು ಶಿಲುಬೆಯಲ್ಲ. ಗುಣಮಾಡು ಎಂದು ಬಂದ ರೋಗಿಗಳಲ್ಲಿ ಒಬ್ಬರಿಗೂ ಸ್ವಾಮಿ ಇದು ನಿನ್ನ ಶಿಲುಬೆ, ಇಟ್ಟುಕೋ ಎನ್ನಲಿಲ್ಲ, ಗುಣಮಾಡಿದನು. ಆ ಸಂಜೆ ಯಾರಾದರೂ ನಿಮ್ಮ ಬಳಿ ಬಂದು ಮೆಲ್ಲಗೆ ಹೇಳಿಕೊಂಡರೆ ವಚನ ಹುಡುಕಬೇಡಿ. ನಂಬುತ್ತೇನೆ ಎಂದು ಹೇಳಿ. ಇವತ್ತು ರಾತ್ರಿ ಆ ಮನೆಯಲ್ಲಿ ಮಲಗುವುದು ಸುರಕ್ಷಿತವೇ ಎಂದು ಕೇಳಿ. ಮಹಿಳಾ ಸಹಾಯವಾಣಿ 181 ನಿಮ್ಮ ಫೋನಿನಲ್ಲಿರಲಿ, ಅಪಾಯ ಎದುರಿಗೇ ಇದ್ದರೆ 112. ಕೌಟುಂಬಿಕ ಹಿಂಸೆಯಿಂದ ಹೆಂಗಸರಿಗೆ ರಕ್ಷಣೆ ಕೊಡುವ 2005ರ ಕಾಯ್ದೆ ಇದೆ ಎಂದೂ ತಿಳಿಸಿ. ಅವಳು ಒಪ್ಪದೆ ಗಂಡನ ಹತ್ತಿರ ಸಂಧಾನಕ್ಕೆ ಹೋಗಬೇಡಿ. ನಾವು ಬಂದ ಮೇಲೆ ಪೆಟ್ಟು ತಿನ್ನುವವಳು ಅವಳು.

ಹಾಗಾದರೆ ನೋವಿನಲ್ಲಿರುವವರಿಗೆ ಶಿಲುಬೆ ಏನು ಕೊಡುತ್ತದೆ? ನಾನು ಕಂಡದ್ದು ಜೊತೆ. "ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ" ಎಂಬ 22ನೇ ಕೀರ್ತನೆಯ ಮೊದಲ ಸಾಲನ್ನು ದೇವರ ಮಗನೇ ತನ್ನ ತಾಯ್ನುಡಿಯಲ್ಲಿ ಕೂಗಿದ್ದಾನೆ. ನನ್ನ ಯಜಮಾನರು ಕೊನೆಯ ವಾರ ಆ ಒಂದು ಸಾಲನ್ನು ಮಾತ್ರ ಓದಿಸಿಕೊಳ್ಳುತ್ತಿದ್ದರು. ಆ ಕೂಗಿನೊಳಗೆ ಸ್ವಾಮಿ ಮೊದಲೇ ಹೋಗಿ ಕುಳಿತಿದ್ದಾನೆ ಎಂದು ನಾನು ನಂಬುತ್ತೇನೆ.

ಶ್ರಮೆಯ ವಾರದ ಕೊನೆಯ ಕೂಟದಲ್ಲಿ ವಿವರಣೆ ಬೇಡ. ಮಾರ್ಕ 14 ಮತ್ತು 15ನ್ನು ಪೂರ್ತಿ ಓದಿಸಿ: 72 ವಚನ, 47 ವಚನ. ಒಂದು ವಾರ ಮುಂಚೆಯೇ ಭಾಗ ಹಂಚಿ, ಪೇತ್ರನ ಮಾತು ಒಬ್ಬರಿಗೆ, ಪಿಲಾತನದು ಒಬ್ಬರಿಗೆ. ಓದು ಬಾರದವರಿಗೆ ಒಂದು ಸಾಲು ಬಾಯಿಪಾಠ ಮಾಡಿಸಿ. "ಅವನನ್ನು ಶಿಲುಬೆಗೆ ಹಾಕಿಸು" ಎಂಬ ಕೂಗನ್ನು ಕುಳಿತವರೆಲ್ಲ ಸೇರಿ ಹೇಳಬೇಕು. ಮೊದಲ ವರ್ಷ ಆ ಮನೆಯ ಅಜ್ಜಿ, "ನನ್ನ ಬಾಯಲ್ಲಿ ಅದು ಬರಲ್ಲ ಕಣಮ್ಮ" ಎಂದು ಅತ್ತುಬಿಟ್ಟರು. ಬಲವಂತ ಮಾಡಬೇಡಿ. ಟೀವಿ, ಫೋನು ಆರಿಸಿಡಿ. ಕರೆಂಟ್ ಹೋದರೆ ನಿಲ್ಲಿಸದಿರಿ, ಎರಡು ಮೇಣದಬತ್ತಿ ಹತ್ತಿರವಿರಲಿ. ಟೀ, ಬಿಸ್ಕತ್ತು ಶುರುವಿಗೇ ಮುಗಿಯಲಿ.

15ನೇ ಅಧ್ಯಾಯದ ಕೊನೆಯ 47ನೇ ವಚನವನ್ನು ಹೆಂಗಸೊಬ್ಬಳು ಓದಲಿ. ಶಿಷ್ಯರೆಲ್ಲ ಓಡಿಹೋಗಿದ್ದಾಗ ಇಬ್ಬರು ಮರಿಯಳೆಂಬ ಹೆಂಗಸರು ದೇಹವನ್ನು ಎಲ್ಲಿ ಇಟ್ಟರೆಂದು ನೋಡಿಕೊಂಡ ವಚನ ಅದು. ನಮ್ಮ ಕಡೆ ಮೂರು ವರ್ಷದಿಂದ ಅದನ್ನು ಓದುತ್ತಿರುವವಳು ಅಂದು ಟೀ ಸೋಸುತ್ತಿದ್ದವಳೇ. ಅವಳು ಓದಿ ಪುಸ್ತಕ ಮುಚ್ಚಿದ ಮೇಲೆ ನಾನು ಕೀರ್ತನೆ ಹಾಡಿಸುವುದಿಲ್ಲ, ಆಶೀರ್ವಾದ ಹೇಳುವುದಿಲ್ಲ. ಚಪ್ಪಲಿ ಹಾಕಿಕೊಳ್ಳುವಾಗ ಬಾಗಿಲ ಹತ್ತಿರ ಒಬ್ಬೊಬ್ಬರಿಗೂ, ಈಸ್ಟರ್ ದಿನ ಬೆಳಗಿನ ಜಾವ ಐದಕ್ಕೆ ದೇವಾಲಯದಲ್ಲಿ ಸಿಗೋಣ ಎನ್ನುತ್ತೇನೆ.