ಇನ್ನೂರು ವರ್ಷದ ಆದಾಯದ ಗ್ರಾಫ್ ಓದುವುದು ಹೇಗೆ?

ಶತಮಾನಗಟ್ಟಲೆ ನೆಲಕ್ಕೆ ಅಂಟಿಕೊಂಡು ಬಂದ ಗೆರೆ 1800ರ ಆಸುಪಾಸು ತಲೆ ಎತ್ತಿ, ಆಮೇಲೆ ಸರ್ರನೆ ಮೇಲೇರುತ್ತದೆ. ಈ ಗ್ರಾಫನ್ನು ನೀವೂ ನೋಡಿರುತ್ತೀರಿ. ಅದನ್ನು ನಂಬುವ ಮೊದಲು ಒಂದಿಷ್ಟು ತಪಾಸಣೆ ಮಾಡಿ.

ಮೊದಲು ಎಡಬದಿಯ ಅಂಕಿ ನೋಡಿ. ಅದು ತಲಾ ಆದಾಯವೇ? ಬೆಲೆ ಏರಿಕೆ ಕಳೆದಿದ್ದಾರೆಯೇ? ಇಲ್ಲ ಎಂದಾದರೆ ಗ್ರಾಫ್ ಪಕ್ಕಕ್ಕಿಡಿ. ಅಂಕಿಗಳು 1,000, 2,000, 4,000 ಎಂದು ದುಪ್ಪಟ್ಟಾಗುತ್ತಾ ಹೋದರೆ ಅದು ಲಾಗ್ ಸ್ಕೇಲ್. ಅಲ್ಲಿ ನೇರ ಗೆರೆ ಅಂದರೆ ವರ್ಷ ವರ್ಷವೂ ಒಂದೇ ಶೇಕಡಾ ದರದ ಬೆಳವಣಿಗೆ.

ಈಗ 70ನ್ನು ಆ ದರದಿಂದ ಭಾಗಿಸಿ. ಆದಾಯ ದುಪ್ಪಟ್ಟಾಗಲು ಎಷ್ಟು ವರ್ಷ ಬೇಕು ಎಂದು ಹೆಚ್ಚುಕಡಿಮೆ ಸಿಗುತ್ತದೆ. ಶೇ 1ಕ್ಕೆ 70 ವರ್ಷ, ಶೇ 2ಕ್ಕೆ 35. ನೂರು ವರ್ಷದಲ್ಲಿ ಶೇ 1ರ ದೇಶ 2.7 ಪಟ್ಟು ಬೆಳೆದರೆ, ಶೇ 2ರ ದೇಶ 7 ಪಟ್ಟು ದಾಟಿರುತ್ತದೆ. ಬಡ ದೇಶ, ಸಿರಿವಂತ ದೇಶ ಎಂಬ ಅಂತರ ಬಹುಪಾಲು ಹುಟ್ಟಿದ್ದು ಹೀಗೆಯೇ.

ಹಳೆಯ ಅಂಕಿ ಎಲ್ಲಿಂದ ಬಂತು ಅಂತಲೂ ಕೇಳಿ. 1688ರ ಇಂಗ್ಲೆಂಡಿನ ಕುಟುಂಬಗಳನ್ನು ಗ್ರೆಗರಿ ಕಿಂಗ್ ಎಂಬಾತ ಶ್ರೀಮಂತ ಪ್ರಭುಗಳಿಂದ ಕೂಲಿಗಳವರೆಗೆ ಸಾಲಾಗಿ ಪಟ್ಟಿ ಮಾಡಿ, ಒಂದೊಂದು ವರ್ಗದ ಆದಾಯ ಅಂದಾಜಿಸಿದ್ದ. ಅದು ಅಂದಾಜೇ. ಅಮೆರಿಕದಲ್ಲಿ 1913ರಿಂದ ಆದಾಯ ತೆರಿಗೆಯ ದಾಖಲೆಗಳಿವೆ, ಅವುಗಳ ತೂಕವೇ ಬೇರೆ.

ಜನ ಹೆಚ್ಚು ಎಡವುವುದು ಅಸಮಾನತೆಯ ಲೆಕ್ಕದಲ್ಲಿ. ಇಲ್ಲಿ ಸುಮ್ನೆ ಒಂದು ಪೆನ್ನು ಹಿಡಿದು ಕೂರಿ. ಹತ್ತು ಜನರ ಊರು, ಒಬ್ಬರ ಹೊಟ್ಟೆಪಾಡಿಗೆ 100 ಬೇಕು ಅಂದುಕೊಳ್ಳಿ. ಊರಿನ ಒಟ್ಟು ಆದಾಯ 1,200. ಒಂಬತ್ತು ಜನ ಬದುಕಿ ಉಳಿಯಲು 900 ಬೇಕೇ ಬೇಕು. ಹತ್ತನೆಯವ ಎಷ್ಟೇ ಕ್ರೂರಿಯಾದರೂ ಕಿತ್ತುಕೊಳ್ಳಲು ಸಿಗುವುದು 300, ಅಂದರೆ ಕಾಲು ಭಾಗ. ಒಟ್ಟು ಆದಾಯ 12,000 ಆದರೆ? ಅವನು 11,100 ನುಂಗಬಹುದು, ಶೇ 92ಕ್ಕೂ ಜಾಸ್ತಿ! ಹಾಗಾಗಿ ಹಳೆಯ ಕಾಲದ ಅಸಮಾನತೆ ಕಡಿಮೆ ಕಂಡರೆ ಆಗ ನ್ಯಾಯ ಇತ್ತು ಎನ್ನಬೇಡಿ. ದೋಚಲು ಹೆಚ್ಚೇನೂ ಇರಲಿಲ್ಲ, ಅಷ್ಟೇ.

ಬೆಳವಣಿಗೆಯ ಜೊತೆ ಅಸಮಾನತೆ ಮೊದಲು ಏರಿ, ಆಮೇಲೆ ತಾನಾಗಿ ಇಳಿಯುತ್ತದೆ ಎಂದು ಯಾರಾದರೂ ಹೇಳಿದರೆ ಸ್ವಲ್ಪ ಅನುಮಾನಿಸಿ. 1955ರಲ್ಲಿ ಈ ವಾದ ಮುಂದಿಟ್ಟ ಅರ್ಥಶಾಸ್ತ್ರಜ್ಞ ಸೈಮನ್ ಕುಜ್ನೆಟ್ಸ್ ಅವರೇ ಅದರಲ್ಲಿ ಮಾಹಿತಿ ಶೇ 5, ಊಹೆ ಶೇ 95 ಇರಬಹುದು ಎಂದಿದ್ದರು. ಅಮೆರಿಕದ ಒಟ್ಟು ಆದಾಯದಲ್ಲಿ ಮೇಲಿನ ಶೇ 10 ಮಂದಿಯ ಪಾಲು 1940ರ ದಶಕದಲ್ಲಿ ಕುಸಿಯಿತು ನಿಜ. ಅದರ ಹಿಂದೆ ಯುದ್ಧ, ಭಾರೀ ತೆರಿಗೆ ಇದ್ದವು. 1980ರ ನಂತರ ಆ ಪಾಲು ಮತ್ತೆ ಏರಿತು.

ಕೊನೆಯದಾಗಿ, ಗ್ರಾಫಿನ ಕೆಳಗಿನ ಸಣ್ಣಕ್ಷರ ಓದಿ. ತೋರಿಸುತ್ತಿರುವುದು ದೇಶ ದೇಶಗಳ ನಡುವಿನ ಅಂತರವೋ, ಒಂದು ದೇಶದ ಒಳಗಿನದ್ದೋ? ಚೀನಾ, ಭಾರತ ಬೆಳೆದಂತೆ ಮೊದಲನೆಯದು ಇತ್ತೀಚಿನ ದಶಕಗಳಲ್ಲಿ ತಗ್ಗಿದೆ. ಅದೇ ಹೊತ್ತಿಗೆ ಆ ಎರಡೂ ದೇಶಗಳ ಒಳಗಿನ ಅಂತರ ಹೆಚ್ಚಿದೆ.